ಉರ್ದು ಬಲ್ಲವರಿಗೆ ಇಂಗ್ಲಿಷ್ ಕ್ರಿಯಾಪದ: ಶಿವಾಜಿನಗರದ ಒಂದು ಸಂಜೆ ತರಗತಿಯ ವಿಮರ್ಶೆ

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಸಮೀಪದ ಗಲ್ಲಿಯೊಂದರಲ್ಲಿ, ಹೊಲಿಗೆ ಸಾಮಾನು ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ, ಉರ್ದು ಮಾಧ್ಯಮದಲ್ಲಿ ಓದಿದವರಿಗಾಗಿಯೇ ಇಂಗ್ಲಿಷ್ ವ್ಯಾಕರಣದ ಸಂಜೆ ತರಗತಿಯೊಂದು ನಡೆಯುತ್ತದೆ. ಮೂರು ತಿಂಗಳ ಕೋರ್ಸು. ಅದರ ಬಹುಪಾಲು ಸಮಯ ಟೆನ್ಸುಗಳಿಗೆ, ಅಂದರೆ ಕ್ರಿಯಾಪದದ ಕಾಲರೂಪಗಳಿಗೆ ಮೀಸಲು. ನಮ್ಮ ಕೆಳಗಿನ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುವ ನಡುವಿನ ಬಿಡುವಿನಲ್ಲಿ ಇಲ್ಲಿಗೆ ಸೇರಬೇಕೆಂದು ಹೊರಟಾಗ, ಕೊಡುವ ಹಣಕ್ಕೆ ಇದು ತಕ್ಕುದೇ ಎಂದು ಅವಳ ತಾಯಿ ನನ್ನನ್ನು ಕೇಳಿದರು. ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಬೆಳೆದದ್ದು ಟ್ಯಾನರಿ ರಸ್ತೆಯ ಆಸುಪಾಸಿನಲ್ಲಿ, ಹಾಗಾಗಿ ಇಲ್ಲಿನ ಉರ್ದು ಕಿವಿಗೆ ಪರಿಚಿತ, ಲಿಪಿಯನ್ನು ನಿಧಾನವಾಗಿಯಾದರೂ ಓದಬಲ್ಲೆ. ಮೇಷ್ಟರ ಅನುಮತಿ ಪಡೆದು ಹಿಂದಿನ ಬೆಂಚಿನಲ್ಲಿ ಕುಳಿತು ಒಂದು ಪೂರ್ತಿ ಕೋರ್ಸನ್ನು ನೋಡಿದೆ. ತರಗತಿಯ ಹೆಸರನ್ನು ಬರೆಯುತ್ತಿಲ್ಲ. ಅಲ್ಲಿನ ಕೊರತೆಗಳನ್ನೂ ಹೇಳಬೇಕಾಗಿರುವುದು ಒಂದು ಕಾರಣವಾದರೆ, ಇದೇ ಪದ್ಧತಿಯಲ್ಲಿ ಕಲಿಸುವವರು ಊರಿನಲ್ಲಿ ಬೇರೆ ಕಡೆಯೂ ಇರುವುದರಿಂದ ನನ್ನ ಮಾತು ಆ ಪದ್ಧತಿಯ ಬಗೆಗೇ ಹೆಚ್ಚಾಗಿ ಇರುವುದು ಇನ್ನೊಂದು ಕಾರಣ.

ಮೊದಲು ಹೊರಗಿನ ವಿವರಗಳನ್ನು ಮುಗಿಸಿಬಿಡುತ್ತೇನೆ. ಶುಲ್ಕ ತಿಂಗಳಿಗೆ 900 ರೂಪಾಯಿ, ಅಭ್ಯಾಸದ ಪುಸ್ತಕಕ್ಕೆ ಬೇರೆಯಾಗಿ 150 ರೂಪಾಯಿ. ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ವಾಹನ ತಂದವರಿಗೆ ನಿಲ್ಲಿಸಲು ಜಾಗ ಸಿಗುವುದಿಲ್ಲ. ಫಲಕದಲ್ಲಿ ಗಂಟೆಯನ್ನು ಬರೆದಿಲ್ಲ, ‘ಮಗ್ರಿಬ್ ನಂತರ’, ಅಂದರೆ ಸೂರ್ಯಾಸ್ತದ ನಮಾಜಿನ ನಂತರ ಎಂದಷ್ಟೇ ಇದೆ. ಬೆಂಗಳೂರಿನಲ್ಲಿ ನವೆಂಬರಿನ ಕೊನೆಗೂ ಜುಲೈ ಆರಂಭಕ್ಕೂ ಸೂರ್ಯಾಸ್ತ ಸುಮಾರು ಒಂದು ಗಂಟೆಯಷ್ಟು ಹಿಂದುಮುಂದಾಗುವುದರಿಂದ, ಕಚೇರಿಯಿಂದ ನೇರವಾಗಿ ಬರುವವರು ಮಳೆಗಾಲದಲ್ಲಿ ನಿಶ್ಚಿಂತೆಯಿಂದ ಬರುತ್ತಾರೆ, ಚಳಿಗಾಲದಲ್ಲಿ ಮೊದಲ ಅರ್ಧ ಗಂಟೆಯನ್ನು ಕಳೆದುಕೊಳ್ಳುತ್ತಾರೆ. ಹೆಂಗಸರಿಗೆ ಮಧ್ಯಾಹ್ನದ ಬ್ಯಾಚು ಬೇರೆ ಇದೆ. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಗಳಲ್ಲಿ ಕೆಲಸ ಮಾಡುವ ಹುಡುಗರು, ಪಿಯುಸಿ ವಿದ್ಯಾರ್ಥಿಗಳು, ಕೊಲ್ಲಿ ದೇಶಗಳ ಕೆಲಸದ ಸಂದರ್ಶನಕ್ಕೆ ಸಿದ್ಧವಾಗುತ್ತಿರುವ ಎಲೆಕ್ಟ್ರಿಷಿಯನ್‌ಗಳು, ನರ್ಸರಿ ಶಾಲೆಯಲ್ಲಿ ಕಲಿಸುವ ಆಸೆಯ ಗೃಹಿಣಿಯರು, ಹೀಗೆ ವಯಸ್ಸೂ ಗುರಿಯೂ ಬೇರೆಬೇರೆಯಾದವರು ಒಂದೇ ಪುಸ್ತಕವನ್ನು ಹಿಡಿದಿರುತ್ತಾರೆ.

ಇಂಥ ತರಗತಿಗೆ ಅಗತ್ಯವಿದೆಯೇ ಎಂಬ ಪ್ರಶ್ನೆಗೆ ಉತ್ತರ ಸುಲಭ. 2011ರ ಜನಗಣತಿಯಲ್ಲಿ ಕರ್ನಾಟಕದ ಶೇಕಡಾ 10ಕ್ಕಿಂತ ಹೆಚ್ಚು ಜನ ಉರ್ದುವನ್ನು ತಾಯಿನುಡಿಯೆಂದು ಹೇಳಿಕೊಂಡಿದ್ದಾರೆ. ರಾಜ್ಯದಲ್ಲಿ ಕನ್ನಡದ ನಂತರದ ಸ್ಥಾನ ಅದರದ್ದೇ. ಸರ್ಕಾರಿ ಉರ್ದು ಶಾಲೆಗಳಿವೆ, ‘ಸಾಲಾರ್’ನಂಥ ದಿನಪತ್ರಿಕೆ ಇದೇ ಊರಿನಿಂದ ಹೊರಡುತ್ತದೆ. ಹೀಗಿದ್ದೂ ಇಂಗ್ಲಿಷ್ ಕಲಿಸುವ ಫೋನ್ ಆ್ಯಪ್‌ಗಳಲ್ಲಿ ಹಲವು ದೇವನಾಗರಿಯಲ್ಲಿ ವಿವರಣೆ ಕೊಡುತ್ತವೆ. ಆಡಿದಾಗ ಹಿಂದಿ ಅರ್ಥವಾಗುವ ಉರ್ದು ಮಾಧ್ಯಮದ ಹುಡುಗನಿಗೂ ಆ ಅಕ್ಷರಗಳಲ್ಲಿ ವ್ಯಾಕರಣದ ವಿವರಣೆಯನ್ನು ಓದುವುದು ತೊಡಕು. ತನ್ನ ಲಿಪಿಯಲ್ಲಿ, ತನ್ನ ಶಾಲೆಯ ವ್ಯಾಕರಣ ಪರಿಭಾಷೆಯಲ್ಲಿ ಇಂಗ್ಲಿಷನ್ನು ವಿವರಿಸುವ ಮೇಷ್ಟರು ಸಿಕ್ಕರೆ ಅವನು ಸಹಜವಾಗಿಯೇ ಅಲ್ಲಿಗೆ ಹೋಗುತ್ತಾನೆ.

ಪದ್ಧತಿ ಹಳೆಯದು. ಉಪಖಂಡದ ಉರ್ದು ಬಲ್ಲವರು ತಲೆಮಾರುಗಳಿಂದ ಇಂಗ್ಲಿಷ್ ಟೆನ್ಸುಗಳನ್ನು ‘ಪಹಚಾನ್’ ಎಂಬ ಗುರುತಿನ ಮೂಲಕವೇ ಕಲಿಯುತ್ತ ಬಂದಿದ್ದಾರೆ. ಉರ್ದು ವಾಕ್ಯದ ಕೊನೆಯನ್ನು ನೋಡಬೇಕು. ಅಲ್ಲಿ ‘ತಾ ಹೈ, ತೀ ಹೈ, ತೇ ಹೈಂ’ ಎಂದಿದ್ದರೆ ಅದು ಹಾಲ್ ಮುತ್ಲಕ್, ಇಂಗ್ಲಿಷಿನ ಸಿಂಪಲ್ ಪ್ರೆಸೆಂಟ್. ‘ರಹಾ ಹೈ, ರಹೀ ಹೈ’ ಎಂದಿದ್ದರೆ ಹಾಲ್ ಜಾರೀ, ಪ್ರೆಸೆಂಟ್ ಕಂಟಿನ್ಯೂಯಸ್. ‘ಚುಕಾ ಹೈ’ ಎಂದಿದ್ದರೆ ಹಾಲ್ ಮುಕಮ್ಮಲ್, ಪ್ರೆಸೆಂಟ್ ಪರ್ಫೆಕ್ಟ್. ‘ಹೈ’ ಇದ್ದಲ್ಲಿ ‘ಥಾ’ ಬಂದರೆ ಭೂತಕಾಲದ ಸಾಲು, ‘ಗಾ’ ಬಂದರೆ ಭವಿಷ್ಯತ್ತಿನ ಸಾಲು. ಮೂರು ಕಾಲ, ಪ್ರತಿಯೊಂದರಲ್ಲಿ ನಾಲ್ಕು ಬಗೆ, ಒಟ್ಟು 12 ಮನೆಗಳ ಒಂದು ಕೋಷ್ಟಕ ಗೋಡೆಯ ಮೇಲೆ ಸದಾ ತೂಗುತ್ತಿರುತ್ತದೆ. ಇಂಗ್ಲಿಷಿನಲ್ಲಿ ನಿಜಕ್ಕೂ 12 ಕಾಲಗಳಿವೆಯೇ, ಕ್ರಿಯಾಪದದ ರೂಪ ಬದಲಾಗುವುದು ವರ್ತಮಾನ ಮತ್ತು ಭೂತ ಎಂಬ ಎರಡಕ್ಕೆ ಮಾತ್ರವಲ್ಲವೇ ಎಂದು ಭಾಷಾಶಾಸ್ತ್ರ ಓದಿದವರು ಕೇಳಬಹುದು. ಆ ವಾದ ಸರಿಯೇ. ಆದರೆ ಮಗ್ರಿಬ್ ಮುಗಿಸಿ ದಣಿದು ಬಂದ ಸೇಲ್ಸ್‌ಮನ್ನನಿಗೆ 12 ಮನೆಗಳ ಕೋಷ್ಟಕ ಕೊಡುವ ಧೈರ್ಯವನ್ನು ಆ ವಾದ ಕೊಡುವುದಿಲ್ಲ.

ಈ ಗುರುತಿನ ಪದ್ಧತಿಯ ಬಗ್ಗೆ ನನಗಿದ್ದ ಅನುಮಾನ ಮೊದಲ ತಿಂಗಳಲ್ಲಿ ಬಹುಮಟ್ಟಿಗೆ ಕರಗಿತು. ಉರ್ದು ಕ್ರಿಯಾಪದದ ರಚನೆ ಇಂಗ್ಲಿಷಿಗೆ ಕನ್ನಡಕ್ಕಿಂತ ಹತ್ತಿರವಿದೆ. ನಮ್ಮಲ್ಲಿ ‘ಬರುತ್ತೇನೆ’ ಎಂಬ ಒಂದೇ ರೂಪ ದಿನವೂ ಬರುವುದಕ್ಕೂ ನಾಳೆ ಬರುವುದಕ್ಕೂ ಸಲ್ಲುತ್ತದೆ; ಧಾತು, ಕಾಲಸೂಚಕ, ಆಖ್ಯಾತ ಪ್ರತ್ಯಯ ಎಲ್ಲವೂ ಒಂದೇ ಪದದಲ್ಲಿ ಅಂಟಿಕೊಂಡಿರುತ್ತವೆ. ಉರ್ದುವಿನಲ್ಲಿ ಮುಖ್ಯ ಕ್ರಿಯೆ ಬೇರೆ, ಸಹಾಯಕ ಕ್ರಿಯೆ ಬೇರೆ: ‘ಖಾ ರಹಾ ಹೈ’ ಎನ್ನುವಲ್ಲಿ ‘ಹೈ’ಯನ್ನು ಬೆರಳಿಟ್ಟು ತೋರಿಸಿ ‘ಇದೇ ನಿಮ್ಮ ಈಸ್’ ಎಂದು ಹೇಳಬಹುದು. ‘ಥಾ’ವನ್ನು ತೋರಿಸಿ ‘ಇದು ವಾಸ್’ ಎನ್ನಬಹುದು. ನನ್ನ ಕನ್ನಡ ಮಾಧ್ಯಮದ ಮಕ್ಕಳಿಗೆ ‘ತಿನ್ನುತ್ತಿದ್ದಾನೆ’ಯ ಹೊಟ್ಟೆಯೊಳಗೆ ಅಡಗಿರುವ ‘ಇದ್ದಾನೆ’ಯನ್ನು ಬಿಡಿಸಿ ತೋರಿಸಲು ನಾನು ಪಡುವ ಪಾಡು ಇಲ್ಲಿನ ಮೇಷ್ಟರಿಗಿಲ್ಲ, ಮತ್ತು ಆ ಅನುಕೂಲವನ್ನು ಅವರು ಚೆನ್ನಾಗಿ ಬಳಸಿಕೊಳ್ಳುತ್ತಾರೆ.

ಏಕವಚನದ ಕ್ರಿಯಾಪದಕ್ಕೆ ‘ಎಸ್’ ಸೇರಿಸುವ ನಿಯಮವನ್ನು ಅವರು ಕಲಿಸಿದ ರೀತಿಯನ್ನು ನೋಡಿ ನಾನೂ ಟಿಪ್ಪಣಿ ಮಾಡಿಕೊಂಡೆ. ವಾಕ್ಯ ‘ಹೈ’ ಎಂದು ಮುಗಿದರೆ ‘ಎಸ್’ ಬೇಕು. ‘ಹೈಂ’ ಎಂದು ಮೂಗಿನಲ್ಲಿ ಮುಗಿದರೆ, ‘ಹೂಂ’ ಅಥವಾ ‘ಹೋ’ ಎಂದು ಮುಗಿದರೆ ಬೇಡ. ‘ಲಡ್ಕಾ ಜಾತಾ ಹೈ’ ಎಂದರೆ ‘ದ ಬಾಯ್ ಗೋಸ್’, ‘ಲಡ್ಕೇ ಜಾತೇ ಹೈಂ’ ಎಂದರೆ ‘ದ ಬಾಯ್ಸ್ ಗೋ’. ಥರ್ಡ್ ಪರ್ಸನ್ ಸಿಂಗ್ಯುಲರ್ ಎಂಬ ಭಾರದ ಮಾತನ್ನು ಒಮ್ಮೆಯೂ ಆಡದೆ ಒಂದೇ ಸಂಜೆಯಲ್ಲಿ ಆ ನಿಯಮ ಎಲ್ಲರ ನಾಲಗೆಗೆ ಬಂತು. ಆದರೆ ಅದೇ ಸಂಜೆ ಅದು ಎಲ್ಲಿ ಮುರಿಯುತ್ತದೆ ಎಂಬುದೂ ಕಾಣಿಸಿತು. ‘ಅಬ್ಬಾ ದುಕಾನ್ ಜಾತೇ ಹೈಂ’ ಎಂಬ ವಾಕ್ಯವನ್ನು ಹುಡುಗನೊಬ್ಬ ‘ಮೈ ಫಾದರ್ ಗೋ ಟು ದ ಶಾಪ್’ ಎಂದು ಬರೆದ. ನಿಯಮದ ಪ್ರಕಾರ ಅವನು ಬರೆದದ್ದು ಸರಿ. ತಂದೆಗೆ ಗೌರವದ ಬಹುವಚನ ಹಚ್ಚುವುದು ಉರ್ದುವಿನ ಪದ್ಧತಿ. ‘ಅಪ್ಪ ಅಂಗಡಿಗೆ ಹೋಗುತ್ತಾರೆ’ ಎನ್ನುವ ನಮ್ಮದೂ ಅದೇ. ಮೇಷ್ಟರು ತಕ್ಷಣ ತಿದ್ದಿ, ‘ಇಂಗ್ಲಿಷಿನಲ್ಲಿ ಅಬ್ಬಾ ಒಬ್ಬರೇ’ ಎಂದು ನಗಿಸಿ ಮುಂದೆ ಹೋದರು. ಪುಸ್ತಕದಲ್ಲಿ ಮಾತ್ರ ಈ ಅಪವಾದಕ್ಕೆ ಒಂದು ಸಾಲೂ ಇಲ್ಲ. ಅಮ್ಮಿ, ದಾದಾ, ಉಸ್ತಾದ್, ಡಾಕ್ಟರ್ ಸಾಹಬ್ ಎಂಬ ಕರ್ತೃಗಳು ಪುಟಪುಟಕ್ಕೂ ಬರುವ ಪುಸ್ತಕದಲ್ಲಿ ಇದನ್ನು ಬಿಟ್ಟಿರುವುದು ಸಣ್ಣ ಲೋಪವಲ್ಲ.

ಪ್ರಶ್ನಾರ್ಥಕ ಮತ್ತು ನಿಷೇಧಾರ್ಥಕ ವಾಕ್ಯಗಳ ಅಭ್ಯಾಸವೇ ಇಡೀ ಕೋರ್ಸಿನ ಅತ್ಯುತ್ತಮ ಭಾಗ. ಒಂದು ವಾಕ್ಯವನ್ನು ಕೊಟ್ಟು ಅದರ ಸಾದಾ, ಮನ್ಫೀ ಅಂದರೆ ನಿಷೇಧದ, ಸವಾಲಿಯಾ ಅಂದರೆ ಪ್ರಶ್ನೆಯ ರೂಪಗಳನ್ನು ಬಾಯಿಂದಲೇ ಹೇಳಿಸುತ್ತಾರೆ. ಬರೆಯಲು ಬಿಡುವುದು ಆಮೇಲೆ. ಉರ್ದುವಿನಲ್ಲಿ ಹೌದು-ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಯ ಆರಂಭದಲ್ಲಿ ಬರುವುದೂ ‘ಕ್ಯಾ’, ‘ಏನು’ ಎಂದು ಕೇಳುವುದೂ ‘ಕ್ಯಾ’. ಹಾಗಾಗಿ ‘ಕ್ಯಾ ತುಮ್ ಪಢ್ತೇ ಹೋ’ ಎಂಬುದನ್ನು ಹೊಸಬರು ‘ವಾಟ್ ಯೂ ರೀಡ್’ ಎಂದುಬಿಡುತ್ತಾರೆ. ‘ಕ್ಯಾ’ ವಾಕ್ಯದ ಬಾಗಿಲಲ್ಲಿ ನಿಂತಿದ್ದರೆ ‘ಡೂ’, ಒಳಗೆ ಕ್ರಿಯಾಪದದ ಪಕ್ಕದಲ್ಲಿದ್ದರೆ ‘ವಾಟ್ ಡೂ’ ಎಂದು ಮೇಷ್ಟರು ಕೊಟ್ಟ ಗುರುತು ಎಂಥವರಿಗೂ ಮರೆಯುವಂಥದ್ದಲ್ಲ. ಕನ್ನಡದಲ್ಲಿ ‘ಓದುತ್ತೀಯಾ’ ಮತ್ತು ‘ಏನು ಓದುತ್ತೀಯ’ ಬೇರೆಬೇರೆಯೇ ಆಗಿರುವುದರಿಂದ ನಮ್ಮ ಮಕ್ಕಳಿಗೆ ಈ ಗೊಂದಲವಿಲ್ಲ; ಆದರೆ ‘ಡೂ’ ಎಂಬ ಸಹಾಯಕ ಕ್ರಿಯೆ ಎರಡು ಭಾಷೆಯವರಿಗೂ ಸಮಾನವಾಗಿ ಅಪರಿಚಿತ. ‘ಡಿಡ್’ ಬಂದ ಮೇಲೆ ಮುಖ್ಯ ಕ್ರಿಯೆ ಮೊದಲ ರೂಪಕ್ಕೆ ಮರಳಬೇಕು, ‘ಡಿಡ್ ವೆಂಟ್’ ಎನ್ನಬಾರದು ಎಂಬುದನ್ನು ಪ್ರತಿ ತರಗತಿಯ ಮೊದಲ ಹತ್ತು ನಿಮಿಷ ಬಾಯಿಪಾಠದಂತೆ ಹೇಳಿಸುತ್ತಿದ್ದರು. ಬೇಸರ ತರಿಸುವ ಕ್ರಮ, ಆದರೆ ಕೋರ್ಸಿನ ಕೊನೆಗೆ ಆ ತಪ್ಪು ತರಗತಿಯಲ್ಲಿ ಬಹುತೇಕ ಕೇಳಿಸಲಿಲ್ಲ.

ಗುರುತಿನ ಪದ್ಧತಿ ಎಡವುವುದು ಎರಡನೆಯ ತಿಂಗಳಲ್ಲಿ. ಉರ್ದು ವಾಕ್ಯದ ಕೊನೆಯೂ ಇಂಗ್ಲಿಷ್ ವಾಕ್ಯದ ಕಾಲವೂ ಜೊತೆಯಾಗಿ ನಡೆಯುವುದು ಸ್ವಲ್ಪ ದೂರ ಮಾತ್ರ. ಆಮೇಲೆ ಅವುಗಳ ದಾರಿ ಬೇರೆಯಾಗುತ್ತದೆ. ಎಲ್ಲಿ ಬೇರೆಯಾಗುತ್ತದೆ ಎಂದು ಹೇಳಿಕೊಡುವುದೇ ಇಂಥ ತರಗತಿಯ ನಿಜವಾದ ಕೆಲಸ ಎಂದು ನಾನು ತಿಳಿದಿದ್ದೇನೆ, ಮತ್ತು ಇಲ್ಲಿ ಆ ಕೆಲಸ ಅರ್ಧಕ್ಕೇ ನಿಂತಿದೆ. ‘ವೋ ಕುರ್ಸೀ ಪರ್ ಬೈಠಾ ಹೈ’ ಎಂಬ ವಾಕ್ಯದಲ್ಲಿ ‘ರಹಾ’ ಇಲ್ಲ; ಆದರೂ ಇಂಗ್ಲಿಷಿನಲ್ಲಿ ಅದು ‘ಈಸ್ ಸಿಟಿಂಗ್’. ಕುಳಿತುಕೊಳ್ಳುವ ಕ್ರಿಯೆ ಮುಗಿದು ಕುಳಿತ ಸ್ಥಿತಿ ಉಳಿದಿದೆ ಎಂದು ಉರ್ದು ನೋಡುತ್ತದೆ, ‘ಕುಳಿತಿದ್ದಾನೆ’ ಎನ್ನುವ ಕನ್ನಡವೂ ಹಾಗೆಯೇ ನೋಡುತ್ತದೆ. ಇಂಗ್ಲಿಷ್ ಅದನ್ನೇ ನಡೆಯುತ್ತಿರುವ ಕ್ರಿಯೆಯಾಗಿ ಕಾಣುತ್ತದೆ. ನಿಂತಿರುವುದು, ಮಲಗಿರುವುದು, ಬಟ್ಟೆ ತೊಟ್ಟಿರುವುದು ಎಲ್ಲಕ್ಕೂ ಇದೇ ಮಾತು. ಇದಕ್ಕೆ ವಿರುದ್ಧವಾಗಿ ‘ಮುಝೇ ಲಗ್ ರಹಾ ಹೈ’, ‘ಸಮಝ್ ಮೇಂ ಆ ರಹಾ ಹೈ’ ಎಂಬಲ್ಲಿ ‘ರಹಾ’ ಇದ್ದೇ ಇದೆ, ಆದರೆ ಇಂಗ್ಲಿಷಿಗೆ ‘ಐ ಥಿಂಕ್’, ‘ಐ ಅಂಡರ್‌ಸ್ಟ್ಯಾಂಡ್’ ಸಾಕು. ‘ಐ ಆಮ್ ಅಂಡರ್‌ಸ್ಟ್ಯಾಂಡಿಂಗ್’ ಎಂದು ಬರೆದವರಿಗೆ ಪುಸ್ತಕದ ಉತ್ತರ ಪಟ್ಟಿ ಸರಿ ಗುರುತು ಹಾಕುವಂತಿದೆ.

‘ಸೇ’ ಬಂದಾಗ ತೊಡಕು ಇನ್ನೂ ಹೆಚ್ಚು. ‘ಮೈಂ ದೋ ಸಾಲ್ ಸೇ ಯಹಾಂ ರಹ್ ರಹಾ ಹೂಂ’ ಎಂಬ ವಾಕ್ಯದ ಕೊನೆ ಪ್ರೆಸೆಂಟ್ ಕಂಟಿನ್ಯೂಯಸ್ಸಿನಂತೆಯೇ ಇದೆ. ನಡುವಿನ ‘ಸೇ’ ಕಂಡಾಗ ಮಾತ್ರ ‘ಹ್ಯಾವ್ ಬೀನ್ ಲಿವಿಂಗ್’ ಆಗಬೇಕೆಂದು ತಿಳಿಯುತ್ತದೆ. ಇಷ್ಟನ್ನು ಪುಸ್ತಕ ಹೇಳುತ್ತದೆ. ಆ ಒಂದೇ ‘ಸೇ’, ಶುರುವಾದ ಹೊತ್ತನ್ನು ಹೇಳುವಾಗ ‘ಸಿನ್ಸ್’, ಕಳೆದ ಅವಧಿಯನ್ನು ಹೇಳುವಾಗ ‘ಫಾರ್’ ಆಗುತ್ತದೆ ಎಂಬುದನ್ನೂ ಹೇಳುತ್ತದೆ. ಆದರೆ ಅಭ್ಯಾಸಕ್ಕೆ ಕೊಟ್ಟ ವಾಕ್ಯಗಳಲ್ಲಿ ‘ಸೋಮವಾರದಿಂದ’, ‘ಬೆಳಗಿನಿಂದ’ ಎಂಬಂಥವೇ ತುಂಬಿಕೊಂಡಿದ್ದು, ‘ಮೂರು ದಿನದಿಂದ’ ಎಂಬಂಥವು ವಿರಳ. ಬೆಂಗಳೂರಿನ ಯಾವ ಕಚೇರಿಗೆ ಹೋದರೂ, ಮನೆಮಾತು ಯಾವುದೇ ಇರಲಿ, ‘ಸಿನ್ಸ್ ಟೂ ಇಯರ್ಸ್’ ಎನ್ನುವವರು ಸಿಗುತ್ತಾರೆ. ಕನ್ನಡದ ‘ಇಂದ’ ವಿಭಕ್ತಿಯೂ ಅದೇ ಹಳ್ಳಕ್ಕೆ ಬೀಳಿಸುತ್ತದೆ. ಹೆಚ್ಚು ಅಭ್ಯಾಸ ಬೇಕಾದ ಕಡೆ ಕಡಿಮೆ ವಾಕ್ಯಗಳಿರುವುದು ಪುಸ್ತಕ ಸಿದ್ಧಪಡಿಸಿದವರ ಗಮನದ ಕೊರತೆ.

ಭೂತಕಾಲದ ಅಧ್ಯಾಯವನ್ನು ನಾನು ಅತ್ಯಂತ ಎಚ್ಚರಿಕೆಯಿಂದ ಓದಿದೆ, ಏಕೆಂದರೆ ಉರ್ದು ಮಾತನಾಡುವವರೂ ಕನ್ನಡ ಮಾತನಾಡುವವರೂ ಒಟ್ಟಿಗೆ ಬೀಳುವ ಗುಂಡಿ ಅಲ್ಲಿದೆ. ಉರ್ದು ವ್ಯಾಕರಣದಲ್ಲಿ ಭೂತಕಾಲಕ್ಕೆ ಹಲವು ಬಗೆಗಳಿವೆ. ‘ಖಾಯಾ’ ಎಂಬುದು ಮಾಜೀ ಮುತ್ಲಕ್, ‘ಖಾಯಾ ಹೈ’ ಎಂಬುದು ಮಾಜೀ ಕರೀಬ್ ಅಂದರೆ ಸಮೀಪದ ಭೂತ, ‘ಖಾಯಾ ಥಾ’ ಎಂಬುದು ಮಾಜೀ ಬಯೀದ್ ಅಂದರೆ ದೂರದ ಭೂತ. ಶಾಲೆಯ ಉರ್ದು ವ್ಯಾಕರಣದಲ್ಲಿ ಕಲಿತ ಈ ಮೂರನ್ನು ಪುಸ್ತಕ ಕ್ರಮವಾಗಿ ಸಿಂಪಲ್ ಪಾಸ್ಟ್, ಪ್ರೆಸೆಂಟ್ ಪರ್ಫೆಕ್ಟ್, ಪಾಸ್ಟ್ ಪರ್ಫೆಕ್ಟುಗಳಿಗೆ ಜೋಡಿಸಿ ಕೈತೊಳೆದುಕೊಳ್ಳುತ್ತದೆ. ಆದರೆ ಉರ್ದುವಿನ ಮಾಜೀ ಬಯೀದ್ ನಿಜಕ್ಕೂ ಹೆಸರಿಗೆ ತಕ್ಕಂತೆ ದೂರವನ್ನೇ ಹೇಳುತ್ತದೆ; ಈಗಿನಿಂದ ಹಿಂದೆ ಸರಿದು ಹೋದದ್ದು ಎಂದಷ್ಟೇ ಅದರ ತಾತ್ಪರ್ಯ. ಇಂಗ್ಲಿಷಿನ ಪಾಸ್ಟ್ ಪರ್ಫೆಕ್ಟ್ ಹಾಗಲ್ಲ, ಹಿಂದಿನ ಒಂದು ಘಟನೆಗಿಂತಲೂ ಹಿಂದೆ ಇನ್ನೊಂದು ನಡೆದಿತ್ತು ಎಂದು ಹೇಳುವುದಕ್ಕೆ ಮಾತ್ರ ಅದು ಬೇಕು. ‘ಮೈಂ ಪಿಛ್ಲೇ ಸಾಲ್ ದಿಲ್ಲೀ ಗಯಾ ಥಾ’ ಎಂಬ ವಾಕ್ಯಕ್ಕೆ ಇಂಗ್ಲಿಷಿನಲ್ಲಿ ‘ಐ ವೆಂಟ್ ಟು ಡೆಲ್ಲಿ ಲಾಸ್ಟ್ ಇಯರ್’ ಎಂದರೆ ಸಾಕು. ಪುಸ್ತಕದ ಉತ್ತರ ಪಟ್ಟಿಯಲ್ಲಿ ‘ಐ ಹ್ಯಾಡ್ ಗಾನ್’ ಎಂದು ಅಚ್ಚಾಗಿದೆ.

ಇದನ್ನು ಉರ್ದುವಿನವರ ತಪ್ಪೆಂದು ಯಾರೂ ತಿಳಿಯಬೇಕಾಗಿಲ್ಲ. ‘ಹೋದ ವರ್ಷ ದೆಹಲಿಗೆ ಹೋಗಿದ್ದೆ’ ಎಂದು ನಾವು ದಿನವೂ ಹೇಳುತ್ತೇವೆ, ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಹ್ಯಾಡ್ ಗಾನ್’ ಎಂದು ಬರೆದ ರಜೆ ಅರ್ಜಿಗಳನ್ನು ನಾನು ಸಾಕಷ್ಟು ಓದಿದ್ದೇನೆ, ಅವುಗಳಲ್ಲಿ ನನ್ನ ಸಹೋದ್ಯೋಗಿಗಳದ್ದೂ ಸೇರಿವೆ. ಇಡೀ ಊರಿಗೆ ರೂಢಿಯಾಗಿರುವ ತಪ್ಪನ್ನು ತಿದ್ದಲು ಸಿಕ್ಕ ಒಳ್ಳೆಯ ಅವಕಾಶವನ್ನು ಪುಸ್ತಕ ಕೈಬಿಟ್ಟಿದೆ ಎಂಬುದಷ್ಟೇ ನನ್ನ ಆಕ್ಷೇಪ. ‘ನಿನ್ನೆ’, ‘ಹೋದ ವಾರ’, ‘2019ರಲ್ಲಿ’ ಎಂದು ಹೊತ್ತನ್ನು ಗೊತ್ತುಮಾಡಿ ಹೇಳಿದ ಕೂಡಲೇ ‘ಹ್ಯಾವ್’ ಮತ್ತು ‘ಹ್ಯಾಡ್’ ಎರಡನ್ನೂ ಬಿಟ್ಟು ಎರಡನೆಯ ರೂಪವನ್ನು ಹಿಡಿಯಿರಿ ಎಂಬ ಒಂದು ಸೂಚನೆ ಆ ಪುಟದಲ್ಲಿ ಇದ್ದಿದ್ದರೆ ಅರ್ಧ ತಪ್ಪುಗಳು ಅಲ್ಲೇ ಉದುರುತ್ತಿದ್ದವು. ನಾನು ಇದನ್ನು ತರಗತಿಯ ನಂತರ ಪ್ರಸ್ತಾಪಿಸಿದೆ. ಮೇಷ್ಟರು ಸೌಜನ್ಯದಿಂದ ಕೇಳಿಸಿಕೊಂಡು, ‘ಮೇಡಂ, ನೀವು ಹೇಳುವುದು ಸರಿ, ಆದರೆ ನಮ್ಮವರು ಮೊದಲು ಹನ್ನೆರಡು ಮನೆ ತುಂಬಿಸಲಿ, ಖಾಲಿ ಮಾಡಿಸುವುದು ಆಮೇಲೆ’ ಎಂದರು. ಉತ್ತರದಲ್ಲಿ ಚಾತುರ್ಯವಿದೆ. ಆದರೆ ಮೂರು ತಿಂಗಳ ಕೋರ್ಸಿನಲ್ಲಿ ಆ ‘ಆಮೇಲೆ’ ಬರಲೇ ಇಲ್ಲ.

ಇನ್ನೊಂದು ಕೊರತೆಯನ್ನು ಬೆಂಗಳೂರಿನವರಲ್ಲದೆ ಬೇರೆಯವರು ಗುರುತಿಸಲಾರರು. ಪುಸ್ತಕದ ಉರ್ದು ಶುದ್ಧ ಗ್ರಂಥಸ್ಥ ಉರ್ದು. ಬೆಂಚಿನ ಮೇಲೆ ಕುಳಿತವರ ಮನೆಮಾತು ದಖನಿ, ಅಂದರೆ ದಖ್ಖನ್ ಸೀಮೆಯ ಆಡು ಉರ್ದು. ಪುಸ್ತಕದಲ್ಲಿ ‘ಮೈಂ ಜಾ ರಹಾ ಹೂಂ’ ಎಂದಿದ್ದರೆ ಇಲ್ಲಿಯವರ ಬಾಯಲ್ಲಿ ಅದು ‘ಮೈ ಜಾರೂಂ’. ಕಂಟಿನ್ಯೂಯಸ್ಸನ್ನು ಗುರುತಿಸಲು ಹುಡುಕಬೇಕಾದ ‘ರಹಾ’ ಆಡುಮಾತಿನಲ್ಲಿ ಕರಗಿಯೇ ಹೋಗಿದೆ. ‘ಕಲ್ ಆತೂಂ’ ಎಂದು ಅವರು ಹೇಳುವುದು ‘ನಾಳೆ ಬರುತ್ತೇನೆ’ ಎಂಬ ಅರ್ಥದಲ್ಲಿ. ಗುರುತಿನ ನಿಯಮದಂತೆ ನೋಡಿದರೆ ಅದು ಸಿಂಪಲ್ ಪ್ರೆಸೆಂಟ್ ಆಗಬೇಕು. ಗ್ರಂಥಸ್ಥ ಉರ್ದುವಿನಲ್ಲಿ ‘ಮೈಂ ನೇ ರೋಟೀ ಖಾಯೀ’ ಎಂದು ಕರ್ತೃವಿಗೆ ‘ನೇ’ ಹಚ್ಚಿ ಕ್ರಿಯಾಪದವನ್ನು ಕರ್ಮದ ಲಿಂಗಕ್ಕೆ ಹೊಂದಿಸಬೇಕು. ದಖನಿಯಲ್ಲಿ ‘ನೇ’ಯ ಗೊಡವೆ ಬಹುಮಟ್ಟಿಗೆ ಇಲ್ಲ, ‘ಮೈ ರೋಟೀ ಖಾಯಾ’ ಎಂದರೆ ಆಯಿತು. ‘ಚುಕಾ ಹೈ’ ಎಂಬ ಗುರುತಂತೂ ಇಲ್ಲಿನ ಮಾತಿನಲ್ಲಿ ಅಪರೂಪಕ್ಕೆ ಕೇಳಿಸುತ್ತದೆ. ಹೀಗಾಗಿ ಕಲಿಯುವವನು ತನ್ನ ಮನಸ್ಸಿನ ಮಾತನ್ನು ಮೊದಲು ಪುಸ್ತಕದ ಉರ್ದುವಿಗೆ, ಅಲ್ಲಿಂದ ಇಂಗ್ಲಿಷಿಗೆ ಎಂದು ಎರಡು ಸಲ ತಿರುಗಿಸಬೇಕಾಗುತ್ತದೆ. ಬರೆಯುವಾಗ ಅದಕ್ಕೆ ಸಮಯವಿರುತ್ತದೆ. ಸಂದರ್ಶನದಲ್ಲಿ ಎದುರಿಗಿರುವವರು ಪ್ರಶ್ನೆ ಕೇಳಿ ಕಾಯುತ್ತಿರುವಾಗ ಇರುವುದಿಲ್ಲ. ಪುಸ್ತಕದ ಪಕ್ಕದಲ್ಲಿ ಒಂದು ಕಿರಿದಾದ ಅಂಕಣ ಮಾಡಿ ಅದರಲ್ಲಿ ಮನೆಯ ಮಾತಿನ ರೂಪವನ್ನೂ ಬರೆದಿದ್ದರೆ, ಬೆಂಗಳೂರಿನಲ್ಲಿ ಸಿದ್ಧವಾದ ಈ ಪುಸ್ತಕಕ್ಕೆ ಲಕ್ನೋ, ಲಾಹೋರುಗಳ ಪುಸ್ತಕಗಳಿಗಿಲ್ಲದ ಒಂದು ಬೆಲೆ ಬರುತ್ತಿತ್ತು. ಮಾತನಾಡಿಸುವಾಗ ಮೇಷ್ಟರೇ ದಖನಿಗೆ ಇಳಿಯುತ್ತಾರೆ, ಕರಿಹಲಗೆಗೆ ತಿರುಗಿದ ತಕ್ಷಣ ಗ್ರಂಥಸ್ಥಕ್ಕೆ ಏರುತ್ತಾರೆ. ಕಲಿಯುವವರು ಎಷ್ಟು ಹೊತ್ತು ಗೊಂದಲದಲ್ಲಿದ್ದರೆಂದು ಅವರಿಗೆ ಗೊತ್ತಾಗಲೇ ಇಲ್ಲವೆಂದು ನನಗೆ ತೋರಿತು.

ಇದೇ ಬಗೆಯಲ್ಲಿ ಕನ್ನಡವನ್ನೂ ದೂರವಿಟ್ಟಿದ್ದಾರೆ. ತರಗತಿಯ ಬಹುತೇಕ ಎಲ್ಲರಿಗೂ ಕನ್ನಡ ಬರುತ್ತದೆ. ಶಾಲೆಯಲ್ಲಿ ಓದಿದ್ದಾರೆ, ವ್ಯಾಪಾರದಲ್ಲಿ ಆಡುತ್ತಾರೆ. ದಖನಿಯೇ ಕನ್ನಡದ ನೆರೆಯಲ್ಲಿ ಬೆಳೆದದ್ದು: ‘ಆತಾ ಬೋಲ್ಕೆ ಬೋಲಾ’ ಎಂಬುದು ನಮ್ಮ ‘ಬರುತ್ತಾನೆ ಅಂತ ಹೇಳಿದ’ ಎಂಬುದರ ಅಚ್ಚು. ಪರೋಕ್ಷ ಕಥನದ ಪಾಠದಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತಿತ್ತು. ಹೇಳಿದ ಮಾತನ್ನು ಹೇಳಿದ ಕಾಲದಲ್ಲಿಯೇ ಉಳಿಸಿಕೊಂಡು ವರದಿ ಮಾಡುವುದು ಉರ್ದು, ದಖನಿ, ಕನ್ನಡ ಮೂರರಲ್ಲೂ ಸಹಜ. ಇಂಗ್ಲಿಷಿನಲ್ಲಿ ಮಾತ್ರ ‘ಸೆಡ್’ ಎಂದ ಮೇಲೆ ‘ವಿಲ್’ ಇದ್ದದ್ದು ‘ವುಡ್’ ಆಗಿ, ‘ಈಸ್’ ಇದ್ದದ್ದು ‘ವಾಸ್’ ಆಗಿ ಒಂದು ಹೆಜ್ಜೆ ಹಿಂದಕ್ಕೆ ಸರಿಯಬೇಕು. ಷರತ್ತಿನ ವಾಕ್ಯಗಳಲ್ಲಿಯೂ ಇದೇ ಕಥೆ. ‘ಅಗರ್ ಬಾರಿಶ್ ಹುಯೀ ತೋ ನಹೀಂ ಆವೂಂಗಾ’ ಎಂಬಲ್ಲಿ ನಾಳಿನ ಮಳೆಗೆ ಭೂತಕಾಲದ ರೂಪ ಬಂದಿದೆ. ‘ಮಳೆ ಬಂದರೆ’ ಎನ್ನುವ ನಮ್ಮ ಪಕ್ಷಾರ್ಥಕವೂ ‘ಬಂದ’ ಎಂಬ ಭೂತರೂಪದ ಮೇಲೆಯೇ ಕಟ್ಟಿದ್ದು. ಆದ್ದರಿಂದ ‘ಇಫ್ ಇಟ್ ರೇಯ್ನ್ಡ್, ಐ ವಿಲ್ ನಾಟ್ ಕಮ್’ ಎಂದು ಬರೆದವರನ್ನು ಬೈಯುವ ಮೊದಲು ಅವರು ಹಾಗೆ ಬರೆಯುವುದು ಯಾಕೆ ಸಹಜ ಎಂದು ತೋರಿಸಿಕೊಟ್ಟರೆ, ‘ಇಫ್ ಇಟ್ ರೇಯ್ನ್ಸ್’ ಎಂಬ ಸರಿಯಾದ ರೂಪ ನೆನಪಿನಲ್ಲಿ ನಿಲ್ಲುತ್ತದೆ. ಕೆಲಸಕ್ಕೆ ಕರೆದಾಗ ಹೊರಡುವ ಮುಂಚೆಯೇ ‘ಅಭೀ ಆಯಾ’ ಎನ್ನುವವರೂ ‘ಬಂದೆ, ಬಂದೆ’ ಎನ್ನುವವರೂ ಕಾಲವನ್ನು ಬಳಸುವುದು ಒಂದೇ ರೀತಿಯಲ್ಲಿ. ಷರತ್ತು ಮತ್ತು ಪರೋಕ್ಷ ಕಥನ ಎರಡನ್ನೂ ಕೊನೆಯ ವಾರಕ್ಕೆ ತಳ್ಳಿ ಅವಸರದಲ್ಲಿ ಮುಗಿಸಿದ್ದರಿಂದ ಇದಾವುದಕ್ಕೂ ಅವಕಾಶವಾಗಲಿಲ್ಲ. ಕರ್ಮಣಿ ಪ್ರಯೋಗಕ್ಕೆ ಒಂದೇ ಸಂಜೆ ಸಿಕ್ಕಿತು, ಅದರ ಬಗ್ಗೆ ಹೇಳುವುದೇನೂ ಇಲ್ಲ.

ಪುಸ್ತಕದ ಅಚ್ಚಿನ ವಿಷಯ. ಬಲಗಡೆ ಉರ್ದು ವಾಕ್ಯ, ಎಡಗಡೆ ಇಂಗ್ಲಿಷಿಗೆ ಖಾಲಿ ಗೆರೆ ಎಂಬ ವಿನ್ಯಾಸ ಚೆನ್ನಾಗಿದೆ. ಬಲದಿಂದ ಎಡಕ್ಕೆ ಓದಿದ ಕಣ್ಣು ಸಾಲಿನ ಕೊನೆಯ ಕ್ರಿಯಾಪದಕ್ಕೆ ಬಂದು ನಿಂತಾಗ ಪಕ್ಕದಲ್ಲಿಯೇ ಬರೆಯುವ ಜಾಗ ಇರುತ್ತದೆ. ಉರ್ದು ಬರೆಯುವ ನಸ್ತಾಲೀಕ್ ಶೈಲಿಯ ಅಕ್ಷರಗಳು ದೊಡ್ಡದಾಗಿ ಸ್ಪಷ್ಟವಾಗಿವೆ. ಆದರೆ ಬಿಟ್ಟ ಪದ ತುಂಬುವ ಅಭ್ಯಾಸಗಳಲ್ಲಿ ಇಂಗ್ಲಿಷ್ ವಾಕ್ಯದ ನಡುವೆ ಉರ್ದು ಸುಳಿವನ್ನು ತುರುಕಿದ್ದಾರೆ. ಎಡದಿಂದ ಹೊರಟ ಸಾಲು ನಡುವೆ ಬಲದಿಂದ ತಿರುಗಿ, ಆವರಣ ಚಿಹ್ನೆಗಳು ಅದಲುಬದಲಾಗಿ, ಯಾವ ಸುಳಿವು ಯಾವ ಖಾಲಿ ಜಾಗಕ್ಕೆ ಸೇರಿದ್ದೆಂದು ತಿಳಿಯದ ಪುಟಗಳು ಕೆಲವಿವೆ. ಎರಡು ಲಿಪಿಗಳನ್ನು ಒಂದೇ ಸಾಲಿನಲ್ಲಿ ಜೋಡಿಸುವಾಗ ಕಂಪ್ಯೂಟರಿನಲ್ಲಿ ಆಗುವ ಎಡವಟ್ಟು ಇದು; ಅಚ್ಚಿಗೆ ಕಳಿಸುವ ಮುನ್ನ ಒಮ್ಮೆ ಓದಿದ್ದರೆ ಸಿಗುತ್ತಿತ್ತು. ಅಭ್ಯಾಸ ವಾಕ್ಯಗಳ ಲೋಕವೂ ಹಳೆಯದು. ಮಾಲಿ ಗಿಡಕ್ಕೆ ನೀರು ಹಾಕುತ್ತಿರುತ್ತಾನೆ, ಬೇಟೆಗಾರ ಜಿಂಕೆಗೆ ಗುರಿಯಿಡುತ್ತಿರುತ್ತಾನೆ, ಡಾಕ್ಟರು ಬರುವ ಮೊದಲು ರೋಗಿ ಯಾವಾಗಲೂ ಸತ್ತುಹೋಗಿರುತ್ತಾನೆ. ಕಮರ್ಷಿಯಲ್ ಸ್ಟ್ರೀಟಿನ ಹುಡುಗನಿಗೆ ಬೇಕಾದದ್ದು ‘ಈ ಸೈಜು ಮುಗಿದಿದೆ, ನಾಳೆ ತರಿಸುತ್ತೇವೆ’ ಎಂಬ ವಾಕ್ಯ. ಅದರಲ್ಲಿ ಪರ್ಫೆಕ್ಟೂ ಇದೆ, ಭವಿಷ್ಯತ್ತೂ ಇದೆ. ಅಂಥದ್ದೊಂದೂ ಪುಸ್ತಕದಲ್ಲಿ ಇಲ್ಲ.

ಪ್ರತಿ ಶನಿವಾರದ ಪರೀಕ್ಷೆಯನ್ನು ಮೆಚ್ಚಲೇಬೇಕು. ಉತ್ತರ ಪತ್ರಿಕೆಗಳನ್ನು ಮೇಷ್ಟರು ಸ್ವತಃ ತಿದ್ದಿ, ತಪ್ಪಿದ ವಾಕ್ಯವನ್ನು ಆಯಾ ವಿದ್ಯಾರ್ಥಿಯಿಂದಲೇ ಸರಿಯಾಗಿ ಹೇಳಿಸಿ ಹಿಂದಿರುಗಿಸುತ್ತಾರೆ. ಅಂಕಗಳನ್ನು ಎಲ್ಲರೆದುರು ಓದುವುದಿಲ್ಲ. ಮಧ್ಯವಯಸ್ಸಿನ ಹೆಂಗಸರು ಸಂಕೋಚವಿಲ್ಲದೆ ಬಾಯಿ ತೆರೆಯುವುದಕ್ಕೆ ಇದೇ ಕಾರಣವಿರಬೇಕು. ಮಧ್ಯಾಹ್ನದ ಬ್ಯಾಚಿನಲ್ಲಿ ಕಲಿಸುವ ಶಿಕ್ಷಕಿಯನ್ನು ಎಲ್ಲರೂ ‘ಆಪಾ’ ಎಂದು ಕರೆಯುತ್ತಾರೆ, ಅಲ್ಲಿ ಪ್ರಶ್ನೆಗಳು ಸಂಜೆಯ ಬ್ಯಾಚಿಗಿಂತ ಹೆಚ್ಚು ಏಳುತ್ತವೆ, ಹಾಗಾಗಿ ಪಾಠ ನಿಧಾನ. ನನ್ನ ಆಯ್ಕೆ ಆ ಬ್ಯಾಚೇ.

ಕೆಳಗಿನ ಮನೆಯವರಿಗೆ ನಾನು ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಉರ್ದುವನ್ನು ಸಲೀಸಾಗಿ ಓದಬಲ್ಲ, ಇಂಗ್ಲಿಷ್ ವಾಕ್ಯ ಕಟ್ಟಲು ಹೆದರುವ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ ಮೊದಲ ಎರಡು ತಿಂಗಳು ಖಂಡಿತ ಉಪಯುಕ್ತ. ಮೂರನೆಯ ತಿಂಗಳ ಶುಲ್ಕವನ್ನು ಕಟ್ಟುವ ಮೊದಲು ಷರತ್ತು ಮತ್ತು ಪರೋಕ್ಷ ಕಥನಕ್ಕೆ ಎಷ್ಟು ದಿನ ಕೊಡುತ್ತಾರೆಂದು ಕೇಳಿಕೊಳ್ಳಬೇಕು. ಸಂದರ್ಶನಕ್ಕೆ ಸಿದ್ಧವಾಗುತ್ತಿರುವವರಿಗೆ ಇದೊಂದೇ ಸಾಲದು, ಮಾತಿನ ಅಭ್ಯಾಸಕ್ಕೆ ಬೇರೆ ಏರ್ಪಾಡು ಬೇಕು. ಉರ್ದು ಆಡಿದರೂ ಲಿಪಿ ಬಾರದ, ಇಂಗ್ಲಿಷ್ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳನ್ನು ಇಲ್ಲಿಗೆ ಸೇರಿಸುವುದರಲ್ಲಿ ಅರ್ಥವಿಲ್ಲ. ಪುಸ್ತಕವನ್ನು ಮಾತ್ರ ಬಿಡಿಯಾಗಿ ಕೊಳ್ಳುವುದನ್ನು ನಾನು ಸಲಹೆ ಮಾಡುವುದಿಲ್ಲ, ಏಕೆಂದರೆ ಮೇಷ್ಟರು ಬಾಯಲ್ಲಿ ತಿದ್ದುವ ತಪ್ಪುಗಳು ಅದರಲ್ಲಿ ಅಚ್ಚಿನಲ್ಲೇ ಉಳಿದಿವೆ. ಕೊಂಡವರು ಮಾಜೀ ಬಯೀದಿನ ಅಧ್ಯಾಯದ ಉತ್ತರ ಪಟ್ಟಿಯನ್ನು ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೆ ತೋರಿಸಿ, ‘ಹ್ಯಾಡ್’ ಇರುವ ಪ್ರತಿ ವಾಕ್ಯವನ್ನೂ ಪೆನ್ಸಿಲ್ಲಿನಲ್ಲಿ ಪರಿಶೀಲಿಸಿಕೊಂಡ ಮೇಲೆ ಅಭ್ಯಾಸ ಆರಂಭಿಸುವುದು ಒಳ್ಳೆಯದು. ಸೇರುವ ಮುನ್ನ ಒಂದು ಸಂಜೆ ಹಣ ಕೊಡದೆ ಕುಳಿತು ನೋಡಲು ಅವರು ಬಿಡುತ್ತಾರೆ. ಬುಧವಾರ ಹೋದರೆ ಸವಾಲಿಯಾ ವಾಕ್ಯಗಳ ಬಾಯಿ ಅಭ್ಯಾಸ ನಡೆಯುತ್ತಿರುತ್ತದೆ.